ಬ್ಲಾಕ್‌ಚೈನ್ ಕಂಪನಿ ಕಟ್ಟುವವರು ಕೈಯಲ್ಲಿ ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಬಿಡಬೇಕು

ಬೇರೆ ಕಂಪನಿಯಲ್ಲಿ ಅಕೌಂಟ್ಸ್‌ನವರು ತಪ್ಪು ಖಾತೆಗೆ ದುಡ್ಡು ಹಾಕಿದರೆ ಬ್ಯಾಂಕಿಗೆ ಫೋನ್ ಮಾಡಬಹುದು, ಅರ್ಜಿ ಕೊಡಬಹುದು, ಕೋರ್ಟಿಗೂ ಹೋಗಬಹುದು. ಬ್ಲಾಕ್‌ಚೈನ್‌ನಲ್ಲಿ, ಅಂದರೆ ಹಲವು ಕಂಪ್ಯೂಟರುಗಳು ಒಟ್ಟಿಗೆ ಇಟ್ಟುಕೊಳ್ಳುವ ಲೆಕ್ಕದ ಪುಸ್ತಕದಲ್ಲಿ, ಸಹಿ ಬಿದ್ದ ವಹಿವಾಟು ಕೆಲವೇ ನಿಮಿಷಗಳಲ್ಲಿ ಕಾಯಂ ಆಗುತ್ತದೆ. ವಾಪಸ್ ಕೇಳಲು ಕೌಂಟರ್ ಇಲ್ಲ. ಹಾಗಾಗಿ ಸಂಸ್ಥಾಪಕರ ಅಭ್ಯಾಸಗಳು ಇಲ್ಲಿ ನೇರವಾಗಿ ಕಂಪನಿಯ ಹಣೆಬರಹವಾಗುತ್ತವೆ: ಆತುರದ ಸಹಿ, ಬಾಯಿಮಾತಿನ ಒಪ್ಪಂದ, ‘ನಾನೇ ನೋಡಿಕೊಳ್ತೀನಿ ಬಿಡಿ’ ಎನ್ನುವ ಧೋರಣೆ, ಎಲ್ಲವೂ.

ಸಂಸ್ಥಾಪಕರ ಅಧಿಕಾರ ಮುಖ್ಯವಾಗಿ ನಾಲ್ಕು ಕಡೆ ಕೂತಿರುತ್ತದೆ: ಖಾಸಗಿ ಕೀ (ವಹಿವಾಟಿಗೆ ಸಹಿ ಹಾಕುವ ಗುಪ್ತ ಸಂಕೇತ), ಟೋಕನ್ (ಜಾಲದ ಸ್ವಂತ ಡಿಜಿಟಲ್ ನಾಣ್ಯ), ಕೋಡ್ ಬದಲಿಸುವ ಹಕ್ಕು, ಮತ್ತು ಸಾರ್ವಜನಿಕವಾಗಿ ಆಡುವ ಮಾತು. ಇವುಗಳಲ್ಲಿ ಯಾವುದನ್ನು, ಯಾರಿಗೆ, ಯಾವ ತಾರೀಖಿನಂದು ಬಿಟ್ಟುಕೊಡುತ್ತೀರಿ ಎಂದು ಮೊದಲೇ ಬರೆದಿಡುವುದೇ ಇಲ್ಲಿ ನಾಯಕತ್ವ. ಒಳ್ಳೆಯ ತಂತ್ರಜ್ಞಾನವಿದ್ದೂ ನೆಲ ಕಚ್ಚಿದ ಕಂಪನಿಗಳ ಕಡತ ತೆಗೆದು ನೋಡಿದರೆ ಹೆಚ್ಚಿನವುಗಳಲ್ಲಿ ಈ ಬರಹವೇ ಇರುವುದಿಲ್ಲ.

ಮೊದಲ ತಿಂಗಳು: ಯಾರ ಮಾತು ಕೊನೆಯ ಮಾತು?

ಕೋಡ್ ಬರೆಯುವ ಮೊದಲೇ ಎರಡು ಪುಟದ ಕಾಗದ ಮಾಡಿಕೊಳ್ಳಿ. ಉತ್ಪನ್ನದ ವಿಷಯದಲ್ಲಿ ಕೊನೆಯ ತೀರ್ಮಾನ ಯಾರದು, ಹಣದ ವಿಷಯದಲ್ಲಿ ಯಾರದು, ಇಬ್ಬರು ಹಟ ಹಿಡಿದರೆ ಮೂರನೆಯವರು ಯಾರು, ಒಬ್ಬರು ಬಿಟ್ಟು ಹೋದರೆ ಅವರ ಷೇರು ಮತ್ತು ಟೋಕನ್ ಏನಾಗುತ್ತದೆ ಎನ್ನುವುದು ಅದರಲ್ಲಿರಲಿ. ಇದು ಕಂಪನಿಯೇ, ಲಾಭವಿಲ್ಲದ ಪ್ರತಿಷ್ಠಾನವೇ ಎನ್ನುವುದೂ ಇರಲಿ. ಸ್ನೇಹಿತರಾಗಿರುವಾಗ ಇದನ್ನು ಕೇಳಲು ಸಂಕೋಚವಾಗುತ್ತದೆ. ದುಡ್ಡು ಬಂದ ಮೇಲೆ ಕೇಳಿದರೆ ಜಗಳವಾಗುತ್ತದೆ.

ಎಥೀರಿಯಂ ಎಂಬ ಬ್ಲಾಕ್‌ಚೈನ್ ಜಾಲಕ್ಕೆ ಎಂಟು ಮಂದಿ ಸಹ ಸಂಸ್ಥಾಪಕರು. ಲಾಭದ ಕಂಪನಿಯಾಗಬೇಕೋ ಪ್ರತಿಷ್ಠಾನವಾಗಬೇಕೋ ಎಂಬ ಪ್ರಶ್ನೆ 2014ರ ಜೂನ್‌ವರೆಗೂ ಬಾಕಿ ಉಳಿದಿತ್ತು. ಆಗ ಸ್ವಿಟ್ಜರ್ಲೆಂಡಿನ ಝುಗ್ ಪ್ರದೇಶದಲ್ಲಿ ಎಲ್ಲರೂ ಕೂತು ಮಾತಾಡಿದರು. ಅವರಲ್ಲಿ ವಿಟಾಲಿಕ್ ಬುಟೆರಿನ್ ಪ್ರತಿಷ್ಠಾನದ ದಾರಿ ಆರಿಸಿಕೊಂಡರು, ಚಾರ್ಲ್ಸ್ ಹಾಸ್ಕಿನ್ಸನ್ ತಂಡ ಬಿಟ್ಟರು, ಮುಂದೆ ಕಾರ್ಡಾನೋ ಎಂಬ ಬೇರೆ ಜಾಲ ಕಟ್ಟಿದರು. ಸಾರ್ವಜನಿಕರಿಂದ ಹಣ ಎತ್ತುವ ಮೊದಲೇ ಈ ಬೇರ್ಪಡಿಕೆ ಮುಗಿದದ್ದು ಎಥೀರಿಯಂಗೆ ದೊಡ್ಡ ಉಪಕಾರವಾಯಿತು. ಟೋಕನ್ ಮಾರಾಟ ಶುರುವಾದದ್ದು ಅದರ ನಂತರ, ಜುಲೈನಲ್ಲಿ.

ಟೆಜೋಸ್ ಎಂಬ ಇನ್ನೊಂದು ಜಾಲದಲ್ಲಿ ಇದು ಉಲ್ಟಾ ಆಯಿತು. 2017ರ ಜುಲೈನಲ್ಲಿ ಸುಮಾರು 23.2 ಕೋಟಿ ಡಾಲರ್ ಸಂಗ್ರಹವಾಯಿತು. ಕೋಡಿನ ಹಕ್ಕು ಆರ್ಥರ್ ಮತ್ತು ಕ್ಯಾಥ್ಲೀನ್ ಬ್ರೈಟ್‌ಮನ್ ದಂಪತಿಯ ಕಂಪನಿಯಲ್ಲಿತ್ತು, ಹಣ ಸ್ವಿಸ್ ಪ್ರತಿಷ್ಠಾನದಲ್ಲಿತ್ತು. ಪ್ರತಿಷ್ಠಾನದ ಅಧ್ಯಕ್ಷರಿಗೂ ದಂಪತಿಗೂ ಮನಸ್ತಾಪ ಬಂದಾಗ ಯಾರು ಯಾರನ್ನು ತೆಗೆಯಬಹುದು ಎನ್ನುವುದೇ ಇತ್ಯರ್ಥವಾಗಲಿಲ್ಲ. 2018ರ ಫೆಬ್ರವರಿಯಲ್ಲಿ ಅಧ್ಯಕ್ಷರು ಕೆಳಗಿಳಿದರು, ಜಾಲ ಚಾಲೂ ಆದದ್ದು ಆ ವರ್ಷದ ನಡುವಿನಲ್ಲಿ. ಅಷ್ಟರಲ್ಲಿ ಟೋಕನ್ ಖರೀದಿಸಿದವರು ಅಮೆರಿಕದ ಕೋರ್ಟು ಹತ್ತಿದ್ದರು. ಆ ದಾವೆ 2020ರಲ್ಲಿ 2.5 ಕೋಟಿ ಡಾಲರ್‌ಗೆ ರಾಜಿಯಾಯಿತು. ಹಣ ಒಬ್ಬರ ಬಳಿ, ಕೋಡ್ ಇನ್ನೊಬ್ಬರ ಬಳಿ ಇರುವುದರಲ್ಲಿ ತಪ್ಪಿಲ್ಲ. ಮಂಡಳಿಯ ಸದಸ್ಯರನ್ನು ನೇಮಿಸುವ, ತೆಗೆಯುವ, ಹಣ ಬಿಡುಗಡೆಗೆ ಗಡುವು ಹಾಕುವ ಕಲಮುಗಳು ಮೊದಲ ದಿನವೇ ಬೇಕು, ಅಷ್ಟೇ.

ಕೀಗಳು: ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ

ಕೆನಡಾದ ಕ್ವಾಡ್ರಿಗಾ ಎಕ್ಸ್‌ಚೇಂಜಿನ (ಕ್ರಿಪ್ಟೊ ನಾಣ್ಯ ಕೊಳ್ಳುವ, ಮಾರುವ ವೇದಿಕೆಯ) ಸಂಸ್ಥಾಪಕ ಜೆರಾಲ್ಡ್ ಕಾಟನ್ 2018ರ ಡಿಸೆಂಬರ್‌ನಲ್ಲಿ ಜೈಪುರದಲ್ಲಿ ತೀರಿಕೊಂಡರು. ಗ್ರಾಹಕರ ನಾಣ್ಯಗಳ ಕೀ ಇಟ್ಟಿದ್ದ ವ್ಯಾಲೆಟ್‌ಗಳ ಪಾಸ್‌ವರ್ಡ್ ಅವರೊಬ್ಬರಿಗೇ ಗೊತ್ತಿತ್ತು ಎಂದು ಮೊದಲು ಸುದ್ದಿಯಾಯಿತು. ಒಂಟಾರಿಯೊದ ಷೇರು ನಿಯಂತ್ರಕರು 2020ರಲ್ಲಿ ಕೊಟ್ಟ ವರದಿ ಬೇರೆಯದನ್ನೇ ಹೇಳಿತು: ಗ್ರಾಹಕರಿಗೆ ಆದ ಸುಮಾರು 16.9 ಕೋಟಿ ಕೆನಡಿಯನ್ ಡಾಲರ್ ನಷ್ಟದ ಬಹುಪಾಲಿಗೆ ಕಾಟನ್ ಅವರ ವಂಚನೆಯೇ ಕಾರಣ. ಪಾಸ್‌ವರ್ಡ್ ಕಳೆದದ್ದೋ ದುಡ್ಡು ಕಳೆದದ್ದೋ, ಎರಡಕ್ಕೂ ಬೇರು ಒಂದೇ: ಎಲ್ಲವೂ ಒಬ್ಬರ ಕೈಯಲ್ಲಿತ್ತು, ಕೇಳುವವರು ಇರಲಿಲ್ಲ.

ಹಾಗಾಗಿ ಮಲ್ಟಿಸಿಗ್ ವ್ಯಾಲೆಟ್, ಅಂದರೆ ಹಲವರ ಸಹಿ ಬೇಕಾದ ವ್ಯಾಲೆಟ್. ಚಿಕ್ಕ ತಂಡಕ್ಕೆ 5ರಲ್ಲಿ 3 ಸಹಿ, ಖಜಾನೆ ದೊಡ್ಡದಾದಂತೆ 7ರಲ್ಲಿ 4. ಸಂಖ್ಯೆ ಆರಿಸುವಾಗ ಎರಡು ಲೆಕ್ಕ ಮಾಡಿ. ಸಂಸ್ಥಾಪಕರೆಲ್ಲ ಸೇರಿದರೂ ಸಹಿ ಪೂರ್ತಿಯಾಗಬಾರದು: 5ರಲ್ಲಿ 3 ಇದ್ದರೆ ಸಂಸ್ಥಾಪಕರ ಬಳಿ ಎರಡೇ ಕೀ. ಹಾಗೆಯೇ ಎರಡು ಕೀ ಕಳೆದುಹೋದರೂ ಹಣ ಹೊರತೆಗೆಯಲು ಬರಬೇಕು. 3ರಲ್ಲಿ 3 ಇಟ್ಟವರು ಒಂದು ಕೀ ಕಳೆದುಹೋದರೂ ಖಜಾನೆಯನ್ನೇ ಕಳೆದುಕೊಳ್ಳುತ್ತಾರೆ.

ಸಹಿದಾರರ ಸಂಖ್ಯೆ ಕಾಗದದ ಮೇಲೆ ಚೆನ್ನಾಗಿದ್ದೂ ಮನೆ ಮುರಿದ ಉದಾಹರಣೆಯನ್ನು ಹತ್ತಿರದಿಂದ ನೋಡಬೇಕು. ಆಕ್ಸಿ ಇನ್ಫಿನಿಟಿ ಆಟದ ರೋನಿನ್ ಜಾಲಕ್ಕೆ 9 ವ್ಯಾಲಿಡೇಟರ್‌ಗಳಿದ್ದವು (ವಹಿವಾಟು ಸರಿಯೆಂದು ಸಹಿ ಹಾಕುವ ಕಂಪ್ಯೂಟರುಗಳು), ಬ್ರಿಡ್ಜಿನಿಂದ, ಅಂದರೆ ಎರಡು ಜಾಲಗಳ ನಡುವೆ ಹಣ ಸಾಗಿಸುವ ವ್ಯವಸ್ಥೆಯಿಂದ, ಹಣ ತೆಗೆಯಲು 5 ಸಹಿ ಬೇಕಿತ್ತು. ಆ 9ರಲ್ಲಿ 4 ಆಟ ಕಟ್ಟಿದ ಸ್ಕೈ ಮೇವಿಸ್ ಕಂಪನಿಯವೇ. 2021ರ ನವೆಂಬರ್‌ನಲ್ಲಿ ಬಳಕೆದಾರರು ಮುಗಿಬಿದ್ದಾಗ, ಕೆಲಸ ಬೇಗ ಸಾಗಲಿ ಎಂದು ಆಕ್ಸಿ ಡಾವೋ (ಟೋಕನ್ ಹೊಂದಿದವರು ಮತ ಹಾಕಿ ನಡೆಸುವ ಸಂಘ) ತನ್ನ ಪರವಾಗಿ ಸಹಿ ಹಾಕಲು ಕಂಪನಿಗೆ ಅನುಮತಿ ಕೊಟ್ಟಿತು. ಡಿಸೆಂಬರ್‌ನಲ್ಲಿ ಆ ಏರ್ಪಾಡು ನಿಂತಿತು. ಅನುಮತಿಯನ್ನು ಮಾತ್ರ ಯಾರೂ ತೆಗೆಯಲಿಲ್ಲ. 2022ರ ಮಾರ್ಚ್ 23ರಂದು ಕಂಪನಿಯೊಳಗೆ ನುಗ್ಗಿದವರಿಗೆ 4 ಕೀ ಸಿಕ್ಕವು, ಐದನೆಯದು ಆ ಮರೆತ ಅನುಮತಿಯಿಂದ ಸಿಕ್ಕಿತು. 1,73,600 ಈಥರ್ (ಎಥೀರಿಯಂನ ನಾಣ್ಯ) ಮತ್ತು 2.55 ಕೋಟಿ ಯುಎಸ್‌ಡಿಸಿ (ಒಂದು ಡಾಲರ್‌ಗೆ ಸಮನಾದ ನಾಣ್ಯ), ಕಳ್ಳತನ ಬಯಲಾದ ದಿನದ ಬೆಲೆಯಲ್ಲಿ 60 ಕೋಟಿ ಡಾಲರ್‌ಗೂ ಮೇಲೆ, ಹೊರಟುಹೋಯಿತು. ಗೊತ್ತಾದದ್ದು 29ಕ್ಕೆ, ಬಳಕೆದಾರರೊಬ್ಬರು 5,000 ಈಥರ್ ತೆಗೆಯಲು ಹೋಗಿ ಬಾರದಿದ್ದಾಗ. ಆರು ದಿನ ಬ್ರಿಡ್ಜಿನಲ್ಲಿ ಎಷ್ಟು ಹಣ ಉಳಿದಿದೆ ಎಂದು ಯಾರೂ ನೋಡಿರಲಿಲ್ಲ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಹೀಗೆ ಮಾಡಿ:

1. ಸಹಿದಾರರಲ್ಲಿ ಕನಿಷ್ಠ ಒಬ್ಬರು ಕಂಪನಿಯ ಹೊರಗಿನವರು, ಕನಿಷ್ಠ ಇಬ್ಬರು ಬೇರೆ ಊರಿನವರಾಗಿರಲಿ. ಎಲ್ಲರೂ ಒಂದೇ ವಿಮಾನದಲ್ಲಿ ಹೋಗುವುದು ಬೇಡ.
2. ಪ್ರತಿಯೊಬ್ಬರಿಗೂ ಹಾರ್ಡ್‌ವೇರ್ ವ್ಯಾಲೆಟ್ (ಕೀಯನ್ನು ಒಳಗೇ ಇಟ್ಟುಕೊಳ್ಳುವ ಪುಟ್ಟ ಸಾಧನ) ಕೊಡಿ, ಎಲ್ಲವೂ ಒಂದೇ ತಯಾರಕರದ್ದಾಗದಿರಲಿ. ಒಂದು ಮಾದರಿಯಲ್ಲಿ ದೋಷ ಸಿಕ್ಕರೆ ಎಲ್ಲ ಕೀಗಳೂ ಒಟ್ಟಿಗೆ ಹೋಗಬಾರದು.
3. ಕೀಯನ್ನು ಮರಳಿ ಪಡೆಯಲು ಬೇಕಾದ 24 ಪದಗಳ ಸೀಡ್ ಫ್ರೇಸನ್ನು ಉಕ್ಕಿನ ತಗಡಿನ ಮೇಲೆ ಕೊರೆದು ಎರಡು ಪ್ರತಿ ಮಾಡಿ, ಎರಡು ಕಡೆ ಇಡಿ. ಕಾಗದಕ್ಕೆ ನೀರು, ಬೆಂಕಿ, ಗೆದ್ದಲು ಮೂರೂ ಶತ್ರು. ಫೋನಿನಲ್ಲಿ ಫೋಟೊ ತೆಗೆಯುವುದು, ವಾಟ್ಸ್‌ಆಪ್‌ನಲ್ಲಿ ಕಳಿಸುವುದು ಖಂಡಿತ ಬೇಡ.
4. ಸಹಿಗೆ ಬೇರೆಯದೇ ಲ್ಯಾಪ್‌ಟಾಪ್ ಇರಲಿ. ಅದರಲ್ಲಿ ಮೇಲ್ ಇಲ್ಲ, ಚಾಟ್ ಇಲ್ಲ, ಹೊರಗಿನ ಫೈಲ್ ತೆರೆಯುವುದಿಲ್ಲ.
5. ದಿನದ ವ್ಯವಹಾರದ, ಸದಾ ಇಂಟರ್ನೆಟ್‌ಗೆ ಜೋಡಿಸಿರುವ ಹಾಟ್ ವ್ಯಾಲೆಟ್‌ನಲ್ಲಿ ಎರಡು ಮೂರು ದಿನದ ಪಾವತಿಗೆ ಸಾಕಾಗುವಷ್ಟೇ ಹಣ ಇಡಿ.
6. ದೊಡ್ಡ ಮೊತ್ತ ಮತ್ತು ಕೋಡ್ ಬದಲಾವಣೆಗೆ 48 ಗಂಟೆಯ ಟೈಮ್‌ಲಾಕ್ ಹಾಕಿ, ಅಂದರೆ ಸಹಿಯಾದ ಮೇಲೂ ಅಷ್ಟು ಹೊತ್ತು ಕಾದೇ ಜಾರಿಯಾಗಲಿ. ತುರ್ತಾಗಿ ನಿಲ್ಲಿಸುವ ಅಧಿಕಾರ 1 ಅಥವಾ 2 ಸಹಿಗೆ ಸಿಗಲಿ. ಮತ್ತೆ ಶುರು ಮಾಡಲು ಪೂರ್ತಿ ಸಹಿ ಬೇಕು.
7. ತಿಂಗಳ ಮೊದಲ ಸೋಮವಾರ ಅನುಮತಿಗಳ ಪಟ್ಟಿ ಓದಿ: ಯಾವ ವಿಳಾಸಕ್ಕೆ ಯಾವ ಹಕ್ಕು, ಯಾಕೆ, ಯಾವತ್ತಿನವರೆಗೆ. ಕಾರಣ ಹೇಳಲು ಬಾರದ ಅನುಮತಿಯನ್ನು ಅವತ್ತೇ ತೆಗೆಯಿರಿ.
8. ಮೂರು ತಿಂಗಳಿಗೊಮ್ಮೆ ಒಂದು ಸಾಧನವನ್ನು ಪೂರ್ತಿ ಅಳಿಸಿ, ತಗಡಿನಿಂದ ಮರಳಿ ತನ್ನಿ. ಪರೀಕ್ಷೆ ಮಾಡದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ಸಹಿ ಹಾಕುವ ಕ್ಷಣದಲ್ಲೂ ಶಿಸ್ತು ಬೇಕು. 2025ರ ಫೆಬ್ರವರಿ 21ರಂದು ಬೈಬಿಟ್ ಎಕ್ಸ್‌ಚೇಂಜಿನ, ಇಂಟರ್ನೆಟ್‌ನಿಂದ ದೂರ ಇಡುವ ಕೋಲ್ಡ್ ವ್ಯಾಲೆಟ್‌ನಿಂದ ಸುಮಾರು 150 ಕೋಟಿ ಡಾಲರ್ ಮೌಲ್ಯದ ಈಥರ್ ಕದ್ದರು. ಅಲ್ಲಿ ಮಲ್ಟಿಸಿಗ್ ಇತ್ತು, ಹಾರ್ಡ್‌ವೇರ್ ಸಾಧನವೂ ಇತ್ತು. ಆದರೆ ಪರದೆಯ ಮೇಲೆ ಕಂಡದ್ದೇ ಒಂದು, ಸಹಿ ಬಿದ್ದದ್ದೇ ಇನ್ನೊಂದು. ಸಹಿ ಹಾಕಿದವರಲ್ಲಿ ಮುಖ್ಯಸ್ಥ ಬೆನ್ ಝೋ ಅವರೂ ಇದ್ದರು. ಇದಕ್ಕೆ ಮದ್ದು ಸರಳ, ಮಾಡಲು ಮಾತ್ರ ಬೇಸರ: ವಹಿವಾಟನ್ನು ಇಬ್ಬರು ಬೇರೆ ಬೇರೆ ಕಂಪ್ಯೂಟರಿನಲ್ಲಿ ಸ್ವತಂತ್ರವಾಗಿ ಲೆಕ್ಕ ಹಾಕಿ ಹ್ಯಾಶ್ (ಆ ವಹಿವಾಟಿನ ಬೆರಳಚ್ಚಿನಂಥ ಅಕ್ಷರಗಳ ಸಾಲು) ತೆಗೆಯಬೇಕು, ವಿಡಿಯೊ ಕರೆಯಲ್ಲಿ ಮೊದಲ ಮತ್ತು ಕೊನೆಯ ಎಂಟು ಅಕ್ಷರಗಳನ್ನು ಗಟ್ಟಿಯಾಗಿ ಓದಬೇಕು, ಸಾಧನದ ಪುಟ್ಟ ಪರದೆಯಲ್ಲಿ ಅದೇ ಇದ್ದರೆ ಮಾತ್ರ ಒತ್ತಬೇಕು. ಸಂಸ್ಥಾಪಕರು ‘ಲೇಟಾಯ್ತು, ಒತ್ತಿಬಿಡಿ’ ಎಂದ ದಿನ ಈ ಪದ್ಧತಿ ಸತ್ತುಹೋಗುತ್ತದೆ. ಓದಿದ್ದು ಹೊಂದದಿದ್ದಾಗ ಕಿರಿಯ ಎಂಜಿನಿಯರ್ ಕೂಡ ‘ನಿಲ್ಲಿಸಿ ಸರ್’ ಎನ್ನಬಲ್ಲ ವಾತಾವರಣ ಇರಬೇಕು. ಹಾಗೆ ನಿಲ್ಲಿಸಿದವರನ್ನು ಎಲ್ಲರೆದುರು ಶ್ಲಾಘಿಸಿ, ಆ ಎಚ್ಚರಿಕೆ ಹುಸಿಯಾಗಿದ್ದರೂ ಸರಿ.

ಟೋಕನ್ ಮತ್ತು ಖಜಾನೆ

ಒಟ್ಟು 100 ಕೋಟಿ ಟೋಕನ್, ಸಂಸ್ಥಾಪಕರಿಗೆ ಶೇ 15 ಎಂದುಕೊಳ್ಳಿ. ನಾಲ್ಕು ವರ್ಷದ ವೆಸ್ಟಿಂಗ್ (ಪಾಲು ಹಂತ ಹಂತವಾಗಿ ಕೈಗೆ ಬರುವುದು), ಒಂದು ವರ್ಷದ ಕ್ಲಿಫ್ (ಮೊದಲ ಕಾಯುವ ಅವಧಿ). ಮೊದಲ 12 ತಿಂಗಳು ಒಂದೂ ಸಿಗುವುದಿಲ್ಲ. ವರ್ಷ ತುಂಬಿದ ದಿನ 3.75 ಕೋಟಿ, ಆಮೇಲೆ 36 ತಿಂಗಳು ತಿಂಗಳಿಗೆ 31.25 ಲಕ್ಷದಂತೆ. ಗಡಿಯಾರ ಟೋಕನ್ ಮಾರುಕಟ್ಟೆಗೆ ಬಂದ ದಿನದಿಂದ ಓಡಲಿ, ಕಂಪನಿ ನೋಂದಣಿಯಾದ ದಿನದಿಂದ ಬೇಡ. ಇಲ್ಲದಿದ್ದರೆ ಮಾರುಕಟ್ಟೆ ತೆರೆಯುವ ಹೊತ್ತಿಗೆ ಅರ್ಧ ಪಾಲು ಬಿಡುಗಡೆಯಾಗಿಯೇ ಇರುತ್ತದೆ. ಇದನ್ನು ಎಕ್ಸೆಲ್ ಹಾಳೆಯಲ್ಲಿ ಬರೆದಿಟ್ಟರೆ ಸಾಲದು, ಯಾರು ಬೇಕಾದರೂ ನೋಡಬಹುದಾದ ಸ್ಮಾರ್ಟ್ ಕಾಂಟ್ರಾಕ್ಟ್‌ನಲ್ಲಿ (ಬ್ಲಾಕ್‌ಚೈನ್ ಮೇಲೆ ತಾನೇ ಓಡುವ ಕೋಡಿನಲ್ಲಿ) ಬೀಗ ಹಾಕಿ.

ಬೀಗವಿಲ್ಲದ ಪಾಲು ಏನು ಮಾಡುತ್ತದೆ ಎಂದು ಎಕ್ಸ್‌ಆರ್‌ಪಿ ಟೋಕನ್ನಿನ ರಿಪಲ್ ಕಂಪನಿ ಕಂಡಿದೆ. ಕಂಪನಿ ಬಿಟ್ಟಿದ್ದ ಸಹ ಸಂಸ್ಥಾಪಕ ಜೆಡ್ ಮೆಕೇಲೆಬ್ ತಮ್ಮ ಬಳಿಯ ಸುಮಾರು 900 ಕೋಟಿ ಎಕ್ಸ್‌ಆರ್‌ಪಿಯನ್ನು ಮಾರುವುದಾಗಿ 2014ರ ಮೇ ತಿಂಗಳಲ್ಲಿ ಘೋಷಿಸಿದರು, ಬೆಲೆ ಕುಸಿಯಿತು. ಆಮೇಲೆ ಒಪ್ಪಂದವಾಗಿ, ಮೊದಲ ವರ್ಷ ವಾರಕ್ಕೆ 10,000 ಡಾಲರ್‌ಗಿಂತ ಹೆಚ್ಚು ಮಾರಬಾರದು ಎಂದು ಮಿತಿ ಬಂತು. ಅವರ ಪಾಲು ಪೂರ್ತಿ ಮಾರಿ ಮುಗಿದದ್ದು 2022ರಲ್ಲಿ. ರಿಪಲ್ ಕಂಪನಿ ತನ್ನ 5,500 ಕೋಟಿ ಎಕ್ಸ್‌ಆರ್‌ಪಿಯನ್ನು 2017ರ ಡಿಸೆಂಬರ್‌ನಲ್ಲಿ ಎಸ್ಕ್ರೋದಲ್ಲಿ, ಅಂದರೆ ಗಡುವಿನ ಬೀಗದಲ್ಲಿ, ಇಟ್ಟು ತಿಂಗಳಿಗೆ ಗರಿಷ್ಠ 100 ಕೋಟಿ ಬಿಡುಗಡೆಯಾಗುವಂತೆ ಮಾಡಿತು. ಖರೀದಿದಾರರಿಗೆ ಬೇಕಿದ್ದದ್ದು ಈ ಖಚಿತತೆಯೇ.

ಖಜಾನೆಯಲ್ಲಿ 24 ತಿಂಗಳ ಖರ್ಚು ರೂಪಾಯಿ, ಡಾಲರ್ ಅಥವಾ ನಂಬಿಕೆಯ ಸ್ಟೇಬಲ್‌ಕಾಯಿನ್ (ಡಾಲರ್‌ನಂಥ ಹಣಕ್ಕೆ ಬೆಲೆ ಕಟ್ಟಿದ ಟೋಕನ್) ರೂಪದಲ್ಲಿರಲಿ. ತಿಂಗಳಿಗೆ 40 ಲಕ್ಷ ಖರ್ಚಿದ್ದರೆ 9.6 ಕೋಟಿ ರೂಪಾಯಿ. ಈ ಲೆಕ್ಕದಲ್ಲಿ ನಿಮ್ಮದೇ ಟೋಕನ್ನಿನ ಬೆಲೆ ಸೊನ್ನೆ ಎಂದೇ ಹಿಡಿಯಿರಿ. ಎಥೀರಿಯಂ 2014ರಲ್ಲಿ 31,000ಕ್ಕೂ ಹೆಚ್ಚು ಬಿಟ್‌ಕಾಯಿನ್ ಸಂಗ್ರಹಿಸಿದಾಗ ಒಂದರ ಬೆಲೆ 600 ಡಾಲರ್ ಆಸುಪಾಸಿನಲ್ಲಿತ್ತು. 2015ರ ಜನವರಿಯಲ್ಲಿ 200ಕ್ಕೆ ಇಳಿದಿತ್ತು. ಬದಲಾಯಿಸದೆ ಉಳಿದ ಬಿಟ್‌ಕಾಯಿನ್ ಅಷ್ಟರ ಮಟ್ಟಿಗೆ ಕರಗಿತು, ಸಂಬಳದ ಬಿಲ್ಲು ಮಾತ್ರ ಕರಗಲಿಲ್ಲ.

ಎಫ್‌ಟಿಎಕ್ಸ್ ಎಕ್ಸ್‌ಚೇಂಜ್ 2022ರ ನವೆಂಬರ್ 11ರಂದು ದಿವಾಳಿ ಅರ್ಜಿ ಹಾಕಿದಾಗ ಹೊಸ ಮುಖ್ಯಸ್ಥ ಜಾನ್ ರೇ ಕೋರ್ಟಿಗೆ ಕೊಟ್ಟ ಹೇಳಿಕೆಯನ್ನು ಪ್ರತಿ ಸಂಸ್ಥಾಪಕರೂ ಓದಬೇಕು. ಖರ್ಚಿನ ಮನವಿ ಚಾಟ್‌ನಲ್ಲಿ ಬರುತ್ತಿತ್ತು, ಮೇಲಿನವರು ಇಮೋಜಿ ಒತ್ತಿ ಮಂಜೂರು ಮಾಡುತ್ತಿದ್ದರು. ಖಾಸಗಿ ಕೀಗಳಿಗೆ ದಾರಿಯಾಗಿದ್ದದ್ದು ಭದ್ರತೆಯಿಲ್ಲದ ಒಂದು ಗುಂಪು ಇಮೇಲ್ ಖಾತೆ. ಇಷ್ಟು ದೊಡ್ಡ ಅನಾಹುತದ ಮೊದಲ ಬಿರುಕು ಎಷ್ಟು ಸಣ್ಣದಾಗಿ ಕಾಣುತ್ತದೆ ನೋಡಿ. ನಿಮ್ಮಲ್ಲಿ ವೋಚರ್, ಇಬ್ಬರ ಸಹಿ, ತಿಂಗಳ ಕೊನೆಗೆ ಬ್ಯಾಂಕ್ ಮತ್ತು ಚೈನ್ ಎರಡನ್ನೂ ತಾಳೆ ನೋಡುವ ಅಕೌಂಟೆಂಟ್ ಇರಲಿ. ಆ ಅಕೌಂಟೆಂಟ್ ಸಂಸ್ಥಾಪಕರ ಬಂಧುವಾಗದಿರಲಿ. ಗ್ರಾಹಕರ ಹಣ ಬೇರೆ ವಿಳಾಸದಲ್ಲಿ, ಕಂಪನಿಯ ಹಣ ಬೇರೆ ವಿಳಾಸದಲ್ಲಿ. ಒಂದು ರಾತ್ರಿಯ ಮಟ್ಟಿಗೂ ಬೆರೆಸಬೇಡಿ.

ಕೋಡ್, ಆಡಿಟ್, ತಾರೀಖು

ಸಂಸ್ಥಾಪಕರು ಹೆಚ್ಚಾಗಿ ಎಡವುವುದು ಬಿಡುಗಡೆಯ ದಿನಾಂಕದಲ್ಲಿ. ಕೋಡಿನ ಆಡಿಟ್ (ಹೊರಗಿನ ತಜ್ಞರ ದೋಷ ಪರೀಕ್ಷೆ) ವರದಿ ಕೈಗೆ ಬರುವ ಮೊದಲು ತಾರೀಖು ಘೋಷಿಸಬೇಡಿ. ಘೋಷಿಸಿದರೆ ಆಮೇಲೆ ಆಡಿಟರ್ ಹೇಳಿದ ದೋಷಗಳೆಲ್ಲ ‘ಮುಂದಿನ ಆವೃತ್ತಿಯಲ್ಲಿ ನೋಡೋಣ’ ಎಂಬ ಪಟ್ಟಿಗೆ ಸೇರುತ್ತವೆ. ಕೋಡ್ ಬದಲಿಸುವುದನ್ನು ನಿಲ್ಲಿಸಿ, ಪರಸ್ಪರ ಸಂಬಂಧವಿಲ್ಲದ ಎರಡು ಆಡಿಟ್ ಮಾಡಿಸಿ. ಆಡಿಟ್ ಆದ ಮೇಲೆ ಮುಟ್ಟಿದ ಪ್ರತಿ ಸಾಲೂ ಮತ್ತೆ ಪರೀಕ್ಷೆಗೆ ಹೋಗಬೇಕು. 2022ರ ಆಗಸ್ಟ್‌ನಲ್ಲಿ ನೊಮ್ಯಾಡ್ ಬ್ರಿಡ್ಜ್ ಸುಮಾರು 19 ಕೋಟಿ ಡಾಲರ್ ಕಳೆದುಕೊಂಡದ್ದು, ಅಪ್‌ಗ್ರೇಡ್ ಒಂದರಲ್ಲಿ ಸೊನ್ನೆ ಮೌಲ್ಯವನ್ನೇ ನಂಬಿಗಸ್ತ ಎಂದು ದಾಖಲಿಸಿದ್ದರಿಂದ. ಅಷ್ಟೇ ಸಾಕಾಯಿತು.

ಕೆಟ್ಟ ದಿನದ ಮಾತು

ಭಾರತದಲ್ಲಿ ಹುಟ್ಟಿದ ಪಾಲಿಗಾನ್‌ನ 2021ರ ಡಿಸೆಂಬರ್ ಇಲ್ಲಿ ಪಾಠ. ಜಯಂತಿ ಕನಾನಿ, ಸಂದೀಪ್ ನೈಲ್ವಾಲ್, ಅನುರಾಗ್ ಅರ್ಜುನ್ 2017ರಲ್ಲಿ ಮ್ಯಾಟಿಕ್ ಹೆಸರಿನಲ್ಲಿ ಶುರು ಮಾಡಿದ ಜಾಲವದು. ಡಿಸೆಂಬರ್ 3ರಂದು ಹೊರಗಿನ ಸಂಶೋಧಕರೊಬ್ಬರು ದೋಷ ತಿಳಿಸಿದರು: ಟೋಕನ್ ವರ್ಗಾವಣೆಯ ಕೋಡಿನಲ್ಲಿ ಕಳಿಸುವವರ ಖಾತೆಯಲ್ಲಿ ಅಷ್ಟು ಹಣವಿದೆಯೇ ಎಂಬ ಪರೀಕ್ಷೆಯೇ ಇಲ್ಲ, 900 ಕೋಟಿಗೂ ಹೆಚ್ಚು ಮ್ಯಾಟಿಕ್ ಟೋಕನ್ ಯಾರು ಬೇಕಾದರೂ ಎತ್ತಿಕೊಳ್ಳಬಹುದು. ತಂಡ ಸದ್ದಿಲ್ಲದೆ ವ್ಯಾಲಿಡೇಟರ್‌ಗಳನ್ನು ಒಗ್ಗೂಡಿಸಿ 5ರಂದೇ ಜಾಲವನ್ನು ಬದಲಿಸಿತು. ಅಷ್ಟರೊಳಗೆ 8,01,601 ಮ್ಯಾಟಿಕ್ ಕಳ್ಳತನವಾಗಿತ್ತು, ಆ ನಷ್ಟವನ್ನು ಪ್ರತಿಷ್ಠಾನ ಹೊತ್ತಿತು. ದೋಷ ಹೇಳಿದ ಇಬ್ಬರಿಗೆ ಸುಮಾರು 34.6 ಲಕ್ಷ ಡಾಲರ್ ಬಹುಮಾನ ಹೋಯಿತು. ಪೂರ್ತಿ ವಿವರ ಪ್ರಕಟವಾದದ್ದು 29ರಂದು. ದೋಷ ಮುಚ್ಚುವ ಮೊದಲು ಬಾಯಿ ಬಿಟ್ಟಿದ್ದರೆ ಕಳ್ಳರಿಗೆ ದಾರಿ ತೋರಿಸಿದಂತೆ, ಮುಚ್ಚಿದ ಮೇಲೂ ಹೇಳದಿದ್ದರೆ ಬಳಕೆದಾರರಿಗೆ ಮೋಸ. ನಮ್ಮ ದೃಷ್ಟಿಯಲ್ಲಿ ಆ ತಂಡ ಹೆಚ್ಚುಕಡಿಮೆ ಸರಿಯಾಗಿ ನಡೆದುಕೊಂಡಿತು. ವಿವರ ಒಂದೆರಡು ವಾರ ಮೊದಲೇ ಬಂದಿದ್ದರೆ ಇನ್ನೂ ಚೆನ್ನಿತ್ತು.

ಹಣ ಆಗಲೇ ಹೋಗಿದ್ದರೆ ನಿಯಮ ಬೇರೆ. 15 ನಿಮಿಷದಲ್ಲಿ ನಿಲ್ಲಿಸುವ ಕೀ ಬಳಸಿ. ಒಂದು ಗಂಟೆಯೊಳಗೆ ಸಂಸ್ಥಾಪಕರ ಹೆಸರಿನಲ್ಲಿ ಮೊದಲ ಹೇಳಿಕೆ ಹೊರಡಲಿ. ಬೈಬಿಟ್‌ನ ಬೆನ್ ಝೋ ಕಳ್ಳತನದ ದಿನ ತಾವೇ ನೇರ ಪ್ರಸಾರದಲ್ಲಿ ಕೂತರು, ಹಣ ವಾಪಸ್ ಪಡೆಯುವ ಬಾಗಿಲನ್ನು ತೆರೆದೇ ಇಟ್ಟರು. ನಮ್ಮಲ್ಲಿ ಕಾಯಿನ್‌ಡಿಸಿಎಕ್ಸ್ ಎಕ್ಸ್‌ಚೇಂಜ್ 2025ರ ಜುಲೈನಲ್ಲಿ ಸುಮಾರು 4.4 ಕೋಟಿ ಡಾಲರ್ ಕಳೆದುಕೊಂಡಾಗ ಗ್ರಾಹಕರ ಹಣಕ್ಕೆ ಕೈ ಹಾಕದೆ ಸ್ವಂತ ಖಜಾನೆಯಿಂದ ನಷ್ಟ ತುಂಬಿತು. ಆದರೆ ಹೊರಗಿನ ತನಿಖಾಗಾರರು ಬಯಲು ಮಾಡಿದ ಮೇಲೆ ಕಂಪನಿಯ ಹೇಳಿಕೆ ಬಂತು ಎನ್ನುವ ಟೀಕೆಯನ್ನೂ ಎದುರಿಸಬೇಕಾಯಿತು.

ಮೊದಲ ಹೇಳಿಕೆಗೆ ನಾಲ್ಕು ಸಾಲು ಸಾಕು, ಇವತ್ತೇ ಬರೆದಿಟ್ಟುಕೊಳ್ಳಿ: ‘ಇಂದು ಇಷ್ಟು ಗಂಟೆಗೆ ಈ ವಿಳಾಸದಿಂದ ಇಷ್ಟು ಮೊತ್ತ ನಮ್ಮ ಒಪ್ಪಿಗೆ ಇಲ್ಲದೆ ಹೋಗಿದೆ. ಈ ಸೇವೆಗಳನ್ನು ನಿಲ್ಲಿಸಿದ್ದೇವೆ, ಇವು ನಡೆಯುತ್ತಿವೆ. ಕಾರಣ ಇನ್ನೂ ಗೊತ್ತಾಗಿಲ್ಲ. ಮುಂದಿನ ಮಾಹಿತಿ ಇಷ್ಟು ಗಂಟೆಗೆ.’ ಹೊಸ ವಿಷಯ ಇಲ್ಲದಿದ್ದರೂ ಹೇಳಿದ ಹೊತ್ತಿಗೆ ಮತ್ತೆ ಬರೆಯಿರಿ. ‘ಎಲ್ಲರ ಹಣವೂ ಭದ್ರ’ ಎಂಬ ವಾಕ್ಯವನ್ನು ಅಕೌಂಟೆಂಟ್ ಲೆಕ್ಕ ನೋಡಿ ಸಹಿ ಹಾಕುವವರೆಗೂ ಬಳಸಬೇಡಿ. ಭಾರತದಲ್ಲಿದ್ದರೆ ಸೈಬರ್ ಘಟನೆಯನ್ನು ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ 6 ಗಂಟೆಯೊಳಗೆ ತಿಳಿಸುವುದು ಕಡ್ಡಾಯ.

ಒಳ್ಳೆಯ ದಿನದ ಮಾತಿಗೂ ಕಡಿವಾಣ ಬೇಕು. ಟೆರ್ರಾ ಜಾಲದ ಸಂಸ್ಥಾಪಕ ಡೋ ಕ್ವಾನ್ ಪ್ರಶ್ನೆ ಕೇಳಿದವರನ್ನು ಟ್ವಿಟರ್‌ನಲ್ಲಿ ಹೀಯಾಳಿಸುತ್ತಿದ್ದರು. ಅಲ್ಲಿನ ಠೇವಣಿಗೆ ಶೇ 20ರ ಹತ್ತಿರ ಬಡ್ಡಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಗಟ್ಟಿ ಉತ್ತರ ಸಿಗಲಿಲ್ಲ. 2022ರ ಮೇ ತಿಂಗಳ ಕೆಲವೇ ದಿನಗಳಲ್ಲಿ ಸುಮಾರು 4,000 ಕೋಟಿ ಡಾಲರ್ ಮೌಲ್ಯ ಇಲ್ಲವಾಯಿತು. ಬೆಲೆಯ ಬಗ್ಗೆ ಸಂಸ್ಥಾಪಕರು ಒಂದು ಪದವನ್ನೂ ಆಡಬಾರದು ಎಂಬ ನಿಯಮ ಹಾಕಿಕೊಳ್ಳಿ.

ಸರ್ಕಾರದ ಬಾಗಿಲು

ತುಮಕೂರಿನ ಬೇರಿನ ಯುನೊಕಾಯಿನ್ ಎಕ್ಸ್‌ಚೇಂಜ್ 2018ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಎಟಿಎಂನಂಥ ಕ್ರಿಪ್ಟೊ ಕಿಯೋಸ್ಕ್ ಇಟ್ಟಿತು. ಪೊಲೀಸರು ಯಂತ್ರ ವಶಪಡಿಸಿಕೊಂಡು ಸಹ ಸಂಸ್ಥಾಪಕರನ್ನು ಬಂಧಿಸಿದರು. ಆರ್‌ಬಿಐ ಅದೇ ವರ್ಷದ ಏಪ್ರಿಲ್‌ನಲ್ಲಿ ಸುತ್ತೋಲೆ ಹೊರಡಿಸಿ ಕ್ರಿಪ್ಟೊ ಕಂಪನಿಗಳಿಗೆ ಬ್ಯಾಂಕುಗಳ ದಾರಿ ಮುಚ್ಚಿತ್ತು. ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು 2020ರ ಮಾರ್ಚ್ 4ರಂದು ರದ್ದು ಮಾಡುವವರೆಗೆ ಎಷ್ಟೋ ಎಕ್ಸ್‌ಚೇಂಜ್‌ಗಳು ಬಾಗಿಲು ಹಾಕಿದವು, ಯುನೊಕಾಯಿನ್ ಉಳಿಯಿತು. ಕಾನೂನು ಮಸುಕಾಗಿರುವಾಗ ಹೊಸದೇನನ್ನಾದರೂ ಜನರ ಮುಂದಿಡುವ ಮೊದಲು ವಕೀಲರ ಲಿಖಿತ ಅಭಿಪ್ರಾಯ ಪಡೆದು, ಸ್ಥಳೀಯ ಪೊಲೀಸರಿಗೆ ಪತ್ರ ಕೊಟ್ಟು, ಸ್ವೀಕೃತಿ ಇಟ್ಟುಕೊಳ್ಳಿ. ಈಗಿನ ಲೆಕ್ಕ: ಟೋಕನ್ ಮಾರಿದ ಲಾಭಕ್ಕೆ ಶೇ 30 ತೆರಿಗೆ 2022ರ ಏಪ್ರಿಲ್‌ನಿಂದ, ವರ್ಗಾವಣೆಗೆ ಶೇ 1 ಟಿಡಿಎಸ್ ಅದೇ ವರ್ಷದ ಜುಲೈನಿಂದ, ಎಕ್ಸ್‌ಚೇಂಜ್ ಮತ್ತು ಕಸ್ಟಡಿ (ಬೇರೆಯವರ ಟೋಕನ್ ಕಾಯ್ದಿಡುವ) ಸೇವೆಗಳಿಗೆ ಹಣಕಾಸು ಗುಪ್ತಚರ ಘಟಕದ ನೋಂದಣಿ 2023ರ ಮಾರ್ಚ್‌ನಿಂದ. ಒಂದು ಟೋಕನ್‌ನ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸಲು ಬರುವುದಿಲ್ಲ, ಬಜೆಟ್ ಹಾಕುವಾಗ ಇದನ್ನು ಮರೆಯುವವರು ಬಹಳ.

ಕೈ ಬಿಡುವ ವೇಳಾಪಟ್ಟಿ

ಸತೋಶಿ ನಕಾಮೊಟೊ 2009ರ ಜನವರಿ 3ರಂದು ಬಿಟ್‌ಕಾಯಿನ್ ಶುರು ಮಾಡಿ, 2011ರ ಹೊತ್ತಿಗೆ ಕೋಡಿನ ಹೊಣೆಯನ್ನು ಗೇವಿನ್ ಆಂಡ್ರೆಸೆನ್ ಅವರಿಗೆ ಬಿಟ್ಟು ಕಾಣೆಯಾದರು. ಕಂಪನಿ ನಡೆಸುವವರಿಗೆ ಅಷ್ಟು ಬೇಗ ಆಗದು, ಆಗಲೂಬಾರದು. ದೋಷಗಳು ಬರುವ ಮೊದಲ ವರ್ಷ ಯಾರಾದರೂ ಹೊಣೆ ಹೊರಲೇಬೇಕು. 2016ರ ಜೂನ್‌ನಲ್ಲಿ ಎಥೀರಿಯಂ ಮೇಲೆ ಕಟ್ಟಿದ ದಿ ಡಾವೋ ಎಂಬ ಹೂಡಿಕೆ ನಿಧಿಯಿಂದ 36 ಲಕ್ಷ ಈಥರ್ ಸೋರಿದಾಗ ಆ ಹಣ ಕೆಲವು ವಾರ ಹೊರಬರದಂತೆ ಕೋಡಿನಲ್ಲೇ ತಡೆ ಇತ್ತು. ಅಷ್ಟು ದಿನ ಸಿಕ್ಕಿದ್ದರಿಂದ ಚರ್ಚೆ, ಮತ, ಹಣ ಹಿಂದಿರುಗಿಸುವ ತೀರ್ಮಾನ ಆಯಿತು. ಬುಟೆರಿನ್ ತಮ್ಮ ಅಭಿಪ್ರಾಯ ಹೇಳಿದರು, ಆದರೆ ಯಾವ ಸಾಫ್ಟ್‌ವೇರ್ ಓಡಿಸಬೇಕು ಎನ್ನುವುದು ನೋಡ್ (ಜಾಲದ ಕಂಪ್ಯೂಟರು) ನಡೆಸುವವರ ಕೈಯಲ್ಲೇ ಉಳಿಯಿತು. ಜುಲೈ 20ರಂದು 19,20,000ನೇ ಬ್ಲಾಕಿನಲ್ಲಿ ಜಾಲ ಎರಡಾಯಿತು, ಒಪ್ಪದವರು ಎಥೀರಿಯಂ ಕ್ಲಾಸಿಕ್ ಆಗಿ ಉಳಿದರು.

ನಿಮಗೆ ಸಾಧ್ಯವಾಗುವ ವೇಳಾಪಟ್ಟಿ ಹೀಗಿರಬಹುದು: 6ನೇ ತಿಂಗಳಿಗೆ ಎಲ್ಲ ಅಡ್ಮಿನ್ ಹಕ್ಕುಗಳು ಒಬ್ಬರಿಂದ ಮಲ್ಟಿಸಿಗ್‌ಗೆ. 12ನೇ ತಿಂಗಳಿಗೆ ಹೊರಗಿನವರ ಸಹಿಗಳು ಸಂಸ್ಥಾಪಕರ ಸಹಿಗಳಿಗಿಂತ ಹೆಚ್ಚು. 24ನೇ ತಿಂಗಳಿಗೆ ಶುಲ್ಕ ಮತ್ತು ಅಪ್‌ಗ್ರೇಡ್ ತೀರ್ಮಾನ ಟೋಕನ್ ಹೊಂದಿದವರ ಮತಕ್ಕೆ, 48 ಗಂಟೆಯ ಟೈಮ್‌ಲಾಕ್ ಏಳು ದಿನಕ್ಕೆ.

ಪ್ರತಿ ಹಂತಕ್ಕೂ ಮುಂಚೆ ಸಂಸ್ಥಾಪಕರು 14 ದಿನ ಫೋನ್ ಆಫ್ ಮಾಡಿ ರಜೆ ಹೋಗಿ ನೋಡಲಿ. ಮರಳಿ ಬಂದ ದಿನ ‘ನಿಮಗಾಗಿ ಕಾಯುತ್ತಿದ್ದೆವು’ ಎಂದು ನಿಂತ ಕೆಲಸಗಳನ್ನೆಲ್ಲ ಬರೆದುಕೊಳ್ಳಿ, ಮುಂದಿನ ಹಂತದಲ್ಲಿ ಬಿಟ್ಟುಕೊಡಬೇಕಾದ ಅಧಿಕಾರಗಳ ಪಟ್ಟಿ ಅದೇ. ಹಸ್ತಾಂತರವಾದ ದಿನ ಹೊಸ ವಿಳಾಸಕ್ಕೆ ಹಕ್ಕು ಕೊಟ್ಟ ವಹಿವಾಟಿನ ಹ್ಯಾಶ್ ಒಂದು, ಹಳೆಯ ವಿಳಾಸದ ಹಕ್ಕು ತೆಗೆದ ವಹಿವಾಟಿನ ಹ್ಯಾಶ್ ಇನ್ನೊಂದು, ಎರಡನ್ನೂ ಸಾರ್ವಜನಿಕವಾಗಿ ಹಾಕಿ. ರೋನಿನ್‌ನಲ್ಲಿ ಇಲ್ಲದೆ ಹೋದದ್ದು ಆ ಎರಡನೆಯದೇ.